ಮುಂಬೈಯ ಭಾವುದಾಜಿ ರಸ್ತೆಯ ಫುಟ್‌ಪಾತ್: ಮಳೆಗೆ ಮೊದಲೇ ಸರಿಯಾಗಬೇಕು

ಗುಂಪಿನ ನಿರ್ವಾಹಕಿ: ಮಾಟುಂಗ ಪೂರ್ವದ ಎಲ್ಲರಿಗೂ ನಮಸ್ಕಾರ. ನಮ್ಮ ಕಟ್ಟಡದಿಂದ ಕನ್ನಡಿಗರ ಸಂಸ್ಥೆಯಾದ ಮೈಸೂರು ಅಸೋಸಿಯೇಶನ್ ಕಡೆಗೆ ಹೋಗುವ ಫುಟ್‌ಪಾತನ್ನು ಕೇಬಲ್ ಹಾಕಲು ಅಗೆದವರು ಮಣ್ಣು ತುಂಬಿ, ಪೇವರ್ ಬ್ಲಾಕುಗಳನ್ನು ಮೇಲೆ ಜೋಡಿಸಿಟ್ಟು ಹೋಗಿದ್ದಾರೆ. ಒಂದು ತುದಿಗೆ ಕಾಲಿಟ್ಟರೆ ಇನ್ನೊಂದು ತುದಿ ಮೇಲೇಳುತ್ತದೆ. ಉಳಿದ ಜಾಗದಲ್ಲಿ ಬೈಕುಗಳು. ಶನಿವಾರ ರಾತ್ರಿ ನಾಟಕ ನೋಡಿ ಬರುವಾಗ ನಮ್ಮ ಹಿರಿಯರೊಬ್ಬರು ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಾರೆ. ಇನ್ನು ಸಂಜೆಯ ಕಾರ್ಯಕ್ರಮಗಳಿಗೆ ಬರುವುದಿಲ್ಲ ಎಂದುಬಿಟ್ಟರು. 1926ರಿಂದ ನಡೆದುಬಂದ ಸಂಸ್ಥೆ. ಪ್ರೇಕ್ಷಕರನ್ನು ಈ ಕಾರಣಕ್ಕೆ ಕಳೆದುಕೊಳ್ಳಬೇಕೇ?

ವೀಣೆ ಟೀಚರ್: ಅವರು ಬೇಗ ಗುಣವಾಗಲಿ. ದೂರದ ದೊಡ್ಡ ಫ್ಲ್ಯಾಟಿಗೆ ಬಾ ಎಂದು ಮಗ ಎಷ್ಟು ಕರೆದರೂ ನಾನು ಮಾಟುಂಗ ಬಿಡದಿರುವುದು ಈ ನಡಿಗೆಗಾಗಿ. ಬೆಳಿಗ್ಗೆ ಫೈವ್ ಗಾರ್ಡನ್ಸ್, ಬರುವಾಗ ನಿಲ್ದಾಣದ ಬಳಿ ಬಾಳೆಎಲೆ, ಮಲ್ಲಿಗೆ. ಸಂಜೆ ಷಣ್ಮುಖಾನಂದ ಸಭಾಗೃಹದಲ್ಲಿ ಸಂಗೀತ ಕಛೇರಿ. ರೈಲು ಹಳಿಗಳ ಮೇಲಿನ ಝಡ್ ಬ್ರಿಡ್ಜ್ ದಾಟಿದರೆ ಯಶವಂತ ನಾಟ್ಯ ಮಂದಿರದ ಮರಾಠಿ ನಾಟಕ, ಕರ್ನಾಟಕ ಸಂಘದ ಕನ್ನಡ ಕಾರ್ಯಕ್ರಮ. ಟ್ಯಾಕ್ಸಿಗೆ ಕೈ ತೋರಿಸದೆ ಇಷ್ಟೆಲ್ಲ ನೋಡಲು ಸಿಗುವ ಜಾಗ ಮುಂಬೈಯಲ್ಲಿ ಬಹಳ ಇಲ್ಲ.

ನಿವೃತ್ತ ಎಂಜಿನಿಯರ್: ಈ ನಡಿಗೆ ತಾನಾಗಿ ಒದಗಿದ್ದಲ್ಲ. 1896ರ ಪ್ಲೇಗ್ ಊರನ್ನು ಕಂಗೆಡಿಸಿದ ಮೇಲೆ, ನಗರ ಸುಧಾರಣೆಗೆಂದು 1898ರಲ್ಲಿ ಸ್ಥಾಪನೆಯಾದ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್–ಮಾಟುಂಗವನ್ನು ಅಗಲ ರಸ್ತೆ, ಉದ್ಯಾನಗಳಿರುವ ಉಪನಗರವಾಗಿ ಯೋಜಿಸಿತು. ಈಗಿನ ಸ್ಥಿತಿ ನೋಡಿ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ನಡೆಯಲು ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲ ಬೇಕು. ನಿನ್ನೆ ಟೇಪ್ ಹಿಡಿದು ಅಳೆದೆ. ಬೈಕ್ ನಿಂತ ಕಡೆ ಒಂದು ಮೀಟರೂ ಸಿಗಲಿಲ್ಲ. ಒಂದು ಬ್ಲಾಕನ್ನು ಎತ್ತಿ ನೋಡಿದರೆ ಕೆಳಗೆ ಮರಳಿನ ಹಾಸೇ ಇಲ್ಲ, ಬೆರಳು ಇಳಿಯುವಷ್ಟು ಸಡಿಲ ಮಣ್ಣು. ಅರ್ಜಿಯಲ್ಲಿ ಬರೀ ‘ದುರಸ್ತಿ ಮಾಡಿ’ ಎಂದರೆ ಬ್ಲಾಕು ತಟ್ಟಿ ಹೋಗುತ್ತಾರೆ. ಮಣ್ಣು ತೆಗೆದು, ಪದರ ಪದರವಾಗಿ ದಮ್ಮಸು ಮಾಡಿ, ಮರಳು ಹಾಸಿ ಬ್ಲಾಕು ಕೂರಿಸಿ ಎಂದೇ ಬರೆಯಬೇಕು.

ಪಕ್ಕದ ಕಟ್ಟಡದ ಕಾರ್ಯದರ್ಶಿ: ಹಾಗಾದರೆ ಫುಟ್‌ಪಾತಿನಲ್ಲಿ ಕೂತು ಹೂವು ಮಾರುವವರನ್ನೂ ತೆರವು ಮಾಡಿಸಲು ಬರೆಯೋಣ.

ವೀಣೆ ಟೀಚರ್: ಇದನ್ನು ನಾನು ಒಪ್ಪುವುದಿಲ್ಲ ರಾಯರೇ. ಆ ತಾಯಿ ಗೋಡೆಗೆ ಒರಗಿ ಕೂರುತ್ತಾರೆ, ಬುಟ್ಟಿಯಷ್ಟೇ ಜಾಗ. ರಾತ್ರಿ ಕಛೇರಿ ಬಿಟ್ಟ ಮೇಲೆ ನನ್ನ ಶಿಷ್ಯೆಯರು ಧೈರ್ಯವಾಗಿ ನಡೆದು ಬರುವುದು ಅವರ ದೀಪ ಉರಿಯುತ್ತಿರುತ್ತದೆ ಎಂಬ ನಂಬಿಕೆಯಿಂದ. ಅವರ ಮಾತು ದೂರಿನಲ್ಲಿ ಬಂದರೆ ನಾನು ಸಹಿ ಹಾಕುವುದಿಲ್ಲ.

ಕಾರ್ಯದರ್ಶಿ: ಆಗಲಿ ಟೀಚರ್, ಅದನ್ನು ಬಿಡೋಣ. ನಮ್ಮ ಕಟ್ಟಡದವರ ಬೈಕುಗಳು ಒಳಗೇ ನಿಲ್ಲಬೇಕೆಂದು ಇವತ್ತೇ ನೋಟಿಸ್ ಹಾಕುತ್ತೇನೆ.

ಯಕ್ಷಗಾನ ಸಂಘಟಕ: ಮಳೆಗಾಲದಲ್ಲಿ ಊರಿನ ಮೇಳದ ಕಲಾವಿದರು ತಿರುಗಾಟ ಮುಗಿಸಿ ಮುಂಬೈಗೆ ಬರುತ್ತಾರೆ. ವೇಷಭೂಷಣದ ಪೆಟ್ಟಿಗೆಗಳನ್ನು ಟೆಂಪೊದಿಂದ ಇಳಿಸಿ ಇದೇ ಫುಟ್‌ಪಾತಿನ ಮೇಲೆ ಹೊತ್ತು ತರಬೇಕು. ಎದೆಯೆತ್ತರದ ಪೆಟ್ಟಿಗೆ ಹಿಡಿದವನಿಗೆ ತನ್ನ ಪಾದ ಕಾಣುವುದಿಲ್ಲ. ಕೆಳಗೆ ನೀರು, ಅದರಡಿಯಲ್ಲಿ ಅಲುಗಾಡುವ ಬ್ಲಾಕು! ತುಳಪುಳೆ ಚೌಕದ ಫ್ಲೈಓವರ್ ಅಡಿಯ ಜಾಗ ನೆನಪಿರಬೇಕಲ್ಲ? ನಿವಾಸಿಗಳು ಪಟ್ಟು ಹಿಡಿದದ್ದಕ್ಕೆ 2016ರಲ್ಲಿ ಅಲ್ಲಿ ಉದ್ಯಾನವಾಯಿತು, ನರ್ಮದೆಯ ಹರಿವಿನಂತೆ ಬಳುಕುವ ನಡಿಗೆಯ ದಾರಿಯೂ ಬಂತು. ನಾವು ಕೇಳುತ್ತಿರುವುದು ಅದಕ್ಕಿಂತ ಎಷ್ಟೋ ಸಣ್ಣ ಕೆಲಸ.

ನಿರ್ವಾಹಕಿ: ಸರಿ, ಶುರು ಮಾಡೋಣ. ಪ್ರತಿ ಮನೆಯಿಂದಲೂ ಪಾಲಿಕೆಯ ಸಹಾಯವಾಣಿ 1916ಕ್ಕೆ ಪ್ರತ್ಯೇಕ ದೂರು ಹೋಗಲಿ, ದೂರಿನ ಸಂಖ್ಯೆಯನ್ನು ಇಲ್ಲಿ ಹಾಕಿ. ಭಾನುವಾರ ಬೆಳಿಗ್ಗೆ 7 ಗಂಟೆಗೆ ನಿಲ್ದಾಣದ ಪೂರ್ವ ದ್ವಾರದಲ್ಲಿ ಸೇರಿ, ಅಸೋಸಿಯೇಶನ್ ಸಭಾಗೃಹದವರೆಗೆ ಅಳೆಯುತ್ತ, ಫೋಟೊ ತೆಗೆಯುತ್ತ ಹೋಗೋಣ. ಎಂಜಿನಿಯರ್ ರಾಯರೇ, ಟೇಪ್ ನಿಮ್ಮದು. ಮರಾಠಿಯಲ್ಲಿ ಅರ್ಜಿ ಯಾರು ಬರೆಯುತ್ತೀರಿ?

ಕಾಲೇಜು ವಿದ್ಯಾರ್ಥಿನಿ: ನಾನು ಬರೆಯುತ್ತೇನೆ ಅಕ್ಕಾ. ಎದುರಿನ ತಮಿಳು, ಗುಜರಾತಿ ಮನೆಗಳವರನ್ನೂ ಕರೆಯಲೇ? ಅವರೂ ಇದೇ ದಾರಿಯಲ್ಲಿ ಓಡಾಡುವವರು.

ನಿರ್ವಾಹಕಿ: ಖಂಡಿತ ಕರೆಯಮ್ಮ. ಶುಕ್ರವಾರದೊಳಗೆ ಕರಡು ಕಳುಹಿಸು, ಶನಿವಾರ ಮನೆಮನೆಗೆ ಹೋಗಿ ಸಹಿ ಹಾಕಿಸೋಣ.