ಅಪ್‌ಡೇಟ್: ಇಂಗ್ಲೆಂಡಿನ ಬಾತ್‌ ಊರಿನಿಂದ ಬ್ರಾಡ್‌ಫರ್ಡ್-ಆನ್-ಏವನ್‌ಗೆ ಅಪ್ಪನ ಜೊತೆ ನಡೆದೆ

ಮಂಡಿನೋವಿರುವ ಅಪ್ಪ ಈ ದಾರಿ ನಡೆಯಬಲ್ಲರಾ ಎಂದು ಹೋದ ತಿಂಗಳು ಇಲ್ಲಿ ಕೇಳಿದ್ದೆ. ನಡೆದರು, ಸುಮಾರು 15 ಕಿಲೋಮೀಟರ್! ನೀವೆಲ್ಲ ಹೇಳಿದ್ದು ನಿಜ: ಬಾತ್‌ನ ಲಾಕ್‌ಗಳನ್ನು (ದೋಣಿಗಳನ್ನು ಏರಿಸಿ ಇಳಿಸುವ ನೀರಿನ ಕಟ್ಟೆಗಳು) ದಾಟಿದರೆ ಕೆನೆಟ್-ಏವನ್ ಕಾಲುವೆಯ ದಂಡೆ ಸಮತಟ್ಟು, ಕಾರುಗಳ ಕಾಟವಿಲ್ಲ. ಸೈಕಲ್ ಗಂಟೆಗೆ ಮಾತ್ರ ಕಿವಿಗೊಡಬೇಕು.

ಡಂಡಾಸ್ ಮೇಲ್ಗಾಲುವೆಯ (ಕಾಲುವೆಯನ್ನು ನದಿಯ ಮೇಲೆ ದಾಟಿಸುವ ಸೇತುವೆ) ಹತ್ತಿರ ಅರ್ಧ ಗಂಟೆ ನಿಂತೆವು. ಕೆಳಗೆ ಏವನ್ ನದಿ, ಮೇಲೆ 1805ರ ಕಲ್ಲಿನ ಕಮಾನು, ಅದರ ಮೇಲೆ ತೇಲುವ ದೋಣಿ! ನೀರಾವರಿ ಇಲಾಖೆಯಲ್ಲಿ ದುಡಿದ ಅಪ್ಪ ಕಲ್ಲು ಮುಟ್ಟಿ ಮುಟ್ಟಿ ನೋಡಿದರು. ಮುಂದೆ ಏವನ್‌ಕ್ಲಿಫ್‌ ಹಳ್ಳಿಯಲ್ಲಿ ದಾರಿ ಇನ್ನೊಂದು ಮೇಲ್ಗಾಲುವೆಯ ಅಡಿಯಿಂದ ಆಚೆ ದಂಡೆಗೆ ಹೋಗುತ್ತದೆ, ಗಮನವಿರಲಿ. ಸುಸ್ತಾದರೆ ಅಲ್ಲೇ ರೈಲು ಸಿಗುತ್ತದೆ, ಕೈ ಅಡ್ಡ ಹಿಡಿದು ನಿಲ್ಲಿಸಬೇಕು. ಅಪ್ಪನಿಗೆ ಅದೂ ಬೇಕಾಗಲಿಲ್ಲ. ಧೈರ್ಯ ಹೇಳಿದ ನಿಮಗೆಲ್ಲ ತುಂಬಾ ಥ್ಯಾಂಕ್ಸ್.