ಚಿಕ್ಕ ಟೀಮಿಗೆ ಯಾವ ಸೆಕ್ಯುರಿಟಿ ಟೆಸ್ಟಿಂಗ್ ಟೂಲ್? (ಪ್ರಶ್ನೋತ್ತರ)

ಪ್ರಶ್ನೆ (ಟೀಮ್ ಲೀಡ್, ಹುಬ್ಬಳ್ಳಿ):
ಮೇಡಂ, ನಮಸ್ಕಾರ. ನಮ್ಮ ಟೀಮಿನಲ್ಲಿ ಹನ್ನೆರಡು ಜನ ಡೆವಲಪರ್‌ಗಳಿದ್ದೇವೆ. ಬ್ಯಾಕೆಂಡ್ ಜಾವಾ ಸ್ಪ್ರಿಂಗ್ ಬೂಟ್, ಫ್ರಂಟೆಂಡ್ ರಿಯಾಕ್ಟ್. ಕೋಡ್ ಎಲ್ಲಾ ಗಿಟ್‌ಲ್ಯಾಬ್‌ನ ಉಚಿತ ಪ್ಲಾನ್‌ನಲ್ಲಿದೆ. ಸಾಲ ಕೊಡುವ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೇವೆ. ಅವರೀಗ ಸೆಕ್ಯುರಿಟಿ ಟೆಸ್ಟಿಂಗ್ ರಿಪೋರ್ಟ್ ಕೇಳುತ್ತಿದ್ದಾರೆ. ಟೂಲ್ ಮಾರುವ ಮೂವರು ಬಂದು ಡೆಮೊ ಕೊಟ್ಟು ಹೋದರು. ಒಬ್ಬರು ಸ್ಯಾಸ್ಟ್ ಸಾಕು ಅಂದರು, ಇನ್ನೊಬ್ಬರು ಡ್ಯಾಸ್ಟ್ ಇಲ್ಲದೆ ಆಗೋದೇ ಇಲ್ಲ ಅಂದರು. ಮೂರನೆಯವರು ಎಲ್ಲಾ ಸೇರಿಸಿ ಒಂದೇ ಪ್ಯಾಕೇಜ್ ತಗೊಳ್ಳಿ ಅಂತಾರೆ. ಬಜೆಟ್ ಕಡಿಮೆ. ಯಾವುದು ತಗೊಳ್ಳಲಿ?

ಉತ್ತರ (ಅಪ್ಲಿಕೇಶನ್ ಸೆಕ್ಯುರಿಟಿ ಎಂಜಿನಿಯರ್, ಬೆಂಗಳೂರು):
ನಮಸ್ಕಾರ. ಟೂಲ್ ನೋಡುವ ಮೊದಲು ಗ್ರಾಹಕರಿಗೆ ಒಂದು ಮೇಲ್ ಹಾಕಿ. ಅವರಿಗೆ ಬೇಕಿರುವುದು ಸ್ಕ್ಯಾನ್ ರಿಪೋರ್ಟೋ, ಇಲ್ಲಾ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) ಪಟ್ಟಿಯಲ್ಲಿರುವ ಆಡಿಟರ್ ಕೊಡುವ ಸರ್ಟಿಫಿಕೇಟೋ ಅಂತ ಕೇಳಿ. ಹಣಕಾಸಿನ ಕಂಪನಿಗಳು ಬಹಳ ಸಲ ಎರಡನೆಯದನ್ನೇ ಕೇಳುತ್ತವೆ. ಹಾಗಿದ್ದರೆ ಎಷ್ಟೇ ದುಬಾರಿ ಟೂಲ್ ಕೊಂಡರೂ ಅದರ ರಿಪೋರ್ಟ್ ಆ ಸರ್ಟಿಫಿಕೇಟಿನ ಜಾಗಕ್ಕೆ ಬರುವುದಿಲ್ಲ. ಮೊದಲು ಆಡಿಟ್ ಖರ್ಚು ತೆಗೆದಿಡಿ, ಉಳಿದದ್ದರಲ್ಲಿ ಟೂಲ್ ನೋಡಿ.

ಇನ್ನು ಆ ಮೂವರು ಹೇಳಿದ್ದು. ಸ್ಯಾಸ್ಟ್ ಕೋಡನ್ನು ಓಡಿಸದೆ ಓದುತ್ತದೆ. ಡ್ಯಾಸ್ಟ್ ಓಡುತ್ತಿರುವ ಆ್ಯಪ್‌ಗೆ ಹೊರಗಿನಿಂದ ರಿಕ್ವೆಸ್ಟ್ ಕಳಿಸಿ ನೋಡುತ್ತದೆ. ಎಸ್‌ಸಿಎ ನೀವು ಬರೆಯದ, ಆದರೆ ಬಳಸುವ ಲೈಬ್ರರಿಗಳನ್ನು ಪರೀಕ್ಷಿಸುತ್ತದೆ. ಮೂರೂ ಬೇರೆ ಬೇರೆ ಕೆಲಸ. ಒಂದು ಮಾಡುವುದನ್ನೆಲ್ಲಾ ಇನ್ನೊಂದು ಮಾಡಲ್ಲ. ಹಾಗಂತ ಮೂರನ್ನೂ ಒಂದೇ ದಿನ ಶುರು ಮಾಡಬೇಕಾಗಿಲ್ಲ.

ನಾನಾಗಿದ್ದರೆ ಎಸ್‌ಸಿಎಯಿಂದ ಶುರು ಮಾಡುತ್ತೇನೆ. 2017ರಲ್ಲಿ ಅಮೆರಿಕದ ಈಕ್ವಿಫ್ಯಾಕ್ಸ್ ಎಂಬ ಕ್ರೆಡಿಟ್ ಮಾಹಿತಿ ಕಂಪನಿಯಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಕಳುವಾಯಿತಲ್ಲ, ಕಳ್ಳರು ನುಗ್ಗಿದ್ದು ಅಪಾಚೆ ಸ್ಟ್ರಟ್ಸ್ ಎಂಬ ಜಾವಾ ಲೈಬ್ರರಿಯಲ್ಲಿದ್ದ ತೂತಿನಿಂದ. ಅದಕ್ಕೆ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು, ಕಳ್ಳತನ ಶುರುವಾದದ್ದು ಮೇ ತಿಂಗಳಲ್ಲಿ. ಇಂಥ ಹಳೇ ಲೈಬ್ರರಿ ಎಲ್ಲಿ ಕೂತಿದೆ ಅಂತ ಹುಡುಕುವುದಕ್ಕೆ ಟ್ರಿವಿ ಅಥವಾ ಒಎಸ್‌ವಿ-ಸ್ಕ್ಯಾನರ್ ಸಾಕು. ಎರಡೂ ಉಚಿತ. ಗಿಟ್‌ಲ್ಯಾಬ್‌ನವರದೇ ಡಿಪೆಂಡೆನ್ಸಿ ಸ್ಕ್ಯಾನಿಂಗ್ ಬೇಕೆಂದರೆ ಅಲ್ಟಿಮೇಟ್ ಪ್ಲಾನ್‌ಗೆ ಹೋಗಬೇಕು. ನಿಮಗೆ ಈಗಲೇ ಅದು ಬೇಡ.

ವೆಬ್ ಸೆಕ್ಯುರಿಟಿಗಾಗಿ ಕೆಲಸ ಮಾಡುವ ಓವಾಸ್ಪ್ ಸಂಸ್ಥೆಯ ಡಿಪೆಂಡೆನ್ಸಿ-ಚೆಕ್ ಕೂಡ ಹಳೆಯ, ಒಳ್ಳೆಯ ಟೂಲ್. ಆದರೆ ಅದು ಉತ್ಪನ್ನದ ಹೆಸರನ್ನು ಊಹಿಸಿ ತಾಳೆ ನೋಡುತ್ತದೆ, ಹಾಗಾಗಿ ಸುಳ್ಳು ಎಚ್ಚರಿಕೆ ಜಾಸ್ತಿ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಜಾವಾ ಲಾಗಿಂಗ್ ಲೈಬ್ರರಿಯಲ್ಲಿ ಸಿಕ್ಕ ಲಾಗ್4ಶೆಲ್ ದೋಷ ನೆನಪಿಸಿಕೊಳ್ಳಿ. ತೂತಿದ್ದದ್ದು ಲಾಗ್4ಜೆ-ಕೋರ್ ಎಂಬ ಜಾರ್ ಫೈಲಿನಲ್ಲಿ. ಸ್ಪ್ರಿಂಗ್ ಬೂಟ್ ತಾನಾಗಿ ತರುವುದು ಲಾಗ್‌ಬ್ಯಾಕ್ ಎಂಬ ಬೇರೆ ಲಾಗಿಂಗ್ ಲೈಬ್ರರಿ. ಜೊತೆಗೆ ಲಾಗ್4ಜೆ-ಎಪಿಐ ಬಂದಿರುತ್ತದೆ ನಿಜ, ಆದರೆ ಅದೊಂದೇ ಇದ್ದರೆ ಆ ತೊಂದರೆ ಇಲ್ಲ. ಬರೀ ಹೆಸರು ನೋಡಿ ಕೂಗುವ ಟೂಲ್ ಇಟ್ಟುಕೊಂಡರೆ ಇಂಥ ದಿನ ನಿಮ್ಮ ಹುಡುಗರು ರಾತ್ರಿಯೆಲ್ಲಾ ಸುಮ್ನೆ ಒದ್ದಾಡಬೇಕಾಗುತ್ತದೆ.

ಪ್ರಶ್ನೆ (ಅವರೇ):
ಗ್ರಾಹಕರಿಗೆ ಮೇಲ್ ಹಾಕಿದೆ ಮೇಡಂ, ಥ್ಯಾಂಕ್ಸ್. ಸ್ಯಾಸ್ಟ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀರಾ? ಸೋನಾರ್‌ಕ್ಯೂಬ್ ಉಚಿತ ಆವೃತ್ತಿ ಹಾಕಿದ್ದೇವೆ, ಅದು ಸಾಲದಾ? ಸೆಮ್‌ಗ್ರೆಪ್, ಕೋಡ್‌ಕ್ಯೂಎಲ್ ಅಂತಲೂ ಕೇಳಿದ್ದೇವೆ.

ಉತ್ತರ:
ಸೋನಾರ್‌ಕ್ಯೂಬ್ ಇರಲಿ, ಕೋಡ್ ಅಚ್ಚುಕಟ್ಟಾಗಿಡಲು ಒಳ್ಳೆಯದೇ. ಆದರೆ ಬಳಕೆದಾರ ಕೊಟ್ಟ ಮಾಹಿತಿ ಎಲ್ಲಿಂದ ಹೊರಟು ಎಲ್ಲಿ ಹೋಗಿ ಬೀಳುತ್ತದೆ ಅಂತ ಜಾಡು ಹಿಡಿಯುವ ಟೇಂಟ್ ಅನಾಲಿಸಿಸ್ ಉಚಿತ ಆವೃತ್ತಿಯಲ್ಲಿಲ್ಲ. ಅದಕ್ಕೆ ಡೆವಲಪರ್ ಎಡಿಶನ್ ಬೇಕು. ಎಸ್‌ಕ್ಯೂಎಲ್ ಇಂಜೆಕ್ಷನ್, ಅಂದರೆ ಹೊರಗಿನವರು ಕೊಟ್ಟ ಪದ ಡೇಟಾಬೇಸ್ ಆದೇಶದೊಳಗೆ ಸೇರಿಕೊಳ್ಳುವ ದೋಷ, ಸಿಕ್ಕಿಬೀಳುವುದು ಆ ಜಾಡಿನಿಂದಲೇ.

ನಿಮ್ಮ ಕೋಡಿನಲ್ಲೇ ಇರಬಹುದಾದ ಒಂದು ಉದಾಹರಣೆ ಹೇಳುತ್ತೇನೆ. ಸಾಲಗಾರರ ಪಟ್ಟಿ ತೋರಿಸುವ ಪುಟ ಇರುತ್ತದೆ. ಕಾಲಂ ತಲೆಯ ಮೇಲೆ ಒತ್ತಿದರೆ ಆ ಕಾಲಂ ಪ್ರಕಾರ ಸಾರ್ಟ್ ಆಗಬೇಕು. ಯಾವ ಕಾಲಂ ಎನ್ನುವುದು ಯುಆರ್‌ಎಲ್‌ನಲ್ಲಿ ಬರುತ್ತದೆ. ಕಂಟ್ರೋಲರ್ ಅದನ್ನು ಸರ್ವಿಸ್‌ಗೆ ಕೊಡುತ್ತದೆ, ಸರ್ವಿಸ್ ರೆಪೊಸಿಟರಿಗೆ ಕೊಡುತ್ತದೆ. ಅಲ್ಲಿ ಆರ್ಡರ್ ಬೈ ಮುಂದೆ ಅದನ್ನು ನೇರ ಜೋಡಿಸಿರುತ್ತಾರೆ. ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ನ ಪ್ರಶ್ನಾರ್ಥಕ ಚಿಹ್ನೆ ಕಾಲಂ ಹೆಸರಿಗೆ ನಡೆಯುವುದಿಲ್ಲವಲ್ಲ, ಅದಕ್ಕೇ ತಿಳಿದವರೂ ಇಲ್ಲಿ ಎಡವುತ್ತಾರೆ. ಮೂರು ಫೈಲು ದಾಟಿ ಹೋಗುವ ಈ ದಾರಿಯನ್ನು ಒಂದೊಂದೇ ಫೈಲ್ ಓದುವ ಟೂಲ್ ಪೂರ್ತಿ ಕಾಣುವುದಿಲ್ಲ. ಸೆಮ್‌ಗ್ರೆಪ್‌ನ ಉಚಿತ ಆವೃತ್ತಿ ಒಂದು ಫೈಲಿನಾಚೆ ಹೋಗುವುದಿಲ್ಲ, ದುಡ್ಡು ಕೊಟ್ಟ ಆವೃತ್ತಿ ಹೋಗುತ್ತದೆ. ಕೋಡ್‌ಕ್ಯೂಎಲ್ ಈ ಕೆಲಸದಲ್ಲಿ ಗಟ್ಟಿ. ಆದರೆ ಅದು ಉಚಿತ ಇರುವುದು ಓಪನ್ ಸೋರ್ಸ್ ಕೋಡಿಗೆ. ನಿಮ್ಮ ಪ್ರೈವೇಟ್ ರಿಪೊಗೆ ಲೈಸೆನ್ಸ್ ಬೇಕು, ಅದೂ ಗಿಟ್‌ಹಬ್‌ನದ್ದು.

ಈಗ ಮುಖ್ಯ ಮಾತು. ಡೆಮೊಗೆ ಬರುವವರು ತಮ್ಮ ಟೂಲ್ ಚೆನ್ನಾಗಿ ಹಿಡಿಯುವ ಕೋಡನ್ನೇ ತರುತ್ತಾರೆ. ನೀವು ನಿಮ್ಮ ಕೋಡ್ ಕೊಡಿ. ಹಳೇ ಟಿಕೆಟ್‌ಗಳಲ್ಲಿ ಸೆಕ್ಯುರಿಟಿ ದೋಷ ಅಂತ ಸರಿಮಾಡಿದ ನಾಲ್ಕೈದನ್ನು ಆರಿಸಿ. ಪ್ರತಿಯೊಂದಕ್ಕೂ, ಸರಿಮಾಡುವ ಹಿಂದಿನ ಕಮಿಟ್ ಒಂದು, ಸರಿಮಾಡಿದ ಮೇಲಿನದು ಒಂದು ತೆಗೆದುಕೊಳ್ಳಿ. ಎಲ್ಲಾ ಟೂಲ್‌ಗಳನ್ನೂ ಎರಡರ ಮೇಲೂ ಓಡಿಸಿ. ಮೊದಲನೆಯದರಲ್ಲಿ ಕೂಗಬೇಕು, ಎರಡನೆಯದರಲ್ಲಿ ಸುಮ್ಮನಿರಬೇಕು. ಮೇಲಿನ ಉದಾಹರಣೆಯಲ್ಲಾದರೆ, ಒಪ್ಪಿದ ಕಾಲಂ ಹೆಸರುಗಳ ಪಟ್ಟಿ ಮಾಡಿ ಅದರಲ್ಲಿದ್ದರೆ ಮಾತ್ರ ಒಳಗೆ ಬಿಡುವುದು ಸರಿಯಾದ ರಿಪೇರಿ. ಅದಾದ ಮೇಲೂ ಟೂಲ್ ಕಿರುಚುತ್ತಿದ್ದರೆ ಡೆವಲಪರ್‌ಗಳು ಸ್ವಲ್ಪ ದಿನದಲ್ಲಿ ಅದರ ಮಾತು ಕೇಳುವುದನ್ನೇ ಬಿಡುತ್ತಾರೆ. ದೋಷ ಹಿಡಿಯುವುದರಷ್ಟೇ ಮುಖ್ಯ, ಸುಮ್ಮನಿರಬೇಕಾದ ಕಡೆ ಸುಮ್ಮನಿರುವುದು. ಬ್ರೋಷರ್‌ನಲ್ಲಿ ಇದನ್ನು ಯಾರೂ ಬರೆಯಲ್ಲ.

ಲೈಸೆನ್ಸ್ ಕೊಳ್ಳುವ ಮೊದಲು ಸೆಮ್‌ಗ್ರೆಪ್ ಉಚಿತ ಆವೃತ್ತಿಯ ಜೊತೆ ಸ್ಪಾಟ್‌ಬಗ್ಸ್‌ಗೆ ಫೈಂಡ್ ಸೆಕ್ಯುರಿಟಿ ಬಗ್ಸ್ ಪ್ಲಗಿನ್ ಸೇರಿಸಿ ಈ ಪರೀಕ್ಷೆಗೆ ಹಾಕಿ. ಎರಡನೆಯದು ಕಂಪೈಲ್ ಆದ ಬೈಟ್‌ಕೋಡ್ ಓದುತ್ತದೆ, ಜಾವಾಗೆ ಚೆನ್ನಾಗಿ ಹೊಂದುತ್ತದೆ. ಇವೆರಡರಲ್ಲೂ ತಪ್ಪಿಹೋದದ್ದನ್ನು ಹಿಡಿದು ತೋರಿಸಿದವರಿಗೆ ಮಾತ್ರ ದುಡ್ಡು ಕೊಡಿ.

ಪ್ರಶ್ನೆ (ಟೆಸ್ಟರ್, ಮೈಸೂರು):
ಮೇಡಂ, ನಾವು ಝ್ಯಾಪ್ ಎಂಬ ಉಚಿತ ಡ್ಯಾಸ್ಟ್ ಟೂಲ್ ಓಡಿಸಿದೆವು. ದೊಡ್ಡ ದೋಷ ಏನೂ ಬರಲಿಲ್ಲ, ಹೆಡರ್ ಇಲ್ಲ ಅನ್ನುವಂಥದ್ದು ಮಾತ್ರ. ಆ್ಯಪ್ ಸೇಫ್ ಅಂತ ಬರೆದುಕೊಡಬಹುದಾ?

ಉತ್ತರ:
ಬೇಡ, ಈಗಲೇ ಬರೆದುಕೊಡಬೇಡಿ. ಯಾವ ಸ್ಕ್ಯಾನ್ ಓಡಿಸಿದ್ದು ಅಂತ ನೋಡಿ. ಬೇಸ್‌ಲೈನ್ ಸ್ಕ್ಯಾನ್ ಆಗಿದ್ದರೆ ಅದು ದಾಳಿಯನ್ನೇ ಮಾಡುವುದಿಲ್ಲ. ಸ್ವಲ್ಪ ಹೊತ್ತು ಸುತ್ತಾಡಿ, ಬಂದ ಉತ್ತರಗಳನ್ನು ಓದುತ್ತದೆ, ಅಷ್ಟೆ. ಹೆಡರ್ ಎಚ್ಚರಿಕೆಗಳಷ್ಟೇ ಬಂದಿವೆ ಅಂದರೆ ನನಗೆ ಅದೇ ಅನುಮಾನ.

ಎರಡನೆಯದು, ಸ್ಕ್ಯಾನರ್ ಲಾಗಿನ್ ಆಗಿತ್ತಾ? ಲಾಗಿನ್ ಆಗದಿದ್ದರೆ ಅದು ಬಾಗಿಲ ಹೊರಗಷ್ಟೇ ಸುತ್ತಿ ಬಂದಿರುತ್ತದೆ. ಸರ್ವರ್‌ನ ಆ್ಯಕ್ಸೆಸ್ ಲಾಗ್ ತೆರೆದು ನೋಡಿ. ಎಲ್ಲಾ ಕಡೆ 401 (ಲಾಗಿನ್ ಆಗಿಲ್ಲ), 302 (ಬೇರೆ ಪುಟಕ್ಕೆ ಕಳಿಸಿದೆ) ಇದ್ದರೆ ಒಳಗೆ ಹೋಗೇ ಇಲ್ಲ ಅಂತ ಅರ್ಥ. ಲಾಗ್‌ಔಟ್ ಲಿಂಕನ್ನು ಸ್ಕ್ಯಾನ್‌ನಿಂದ ಹೊರಗಿಡಿ, ಇಲ್ಲದಿದ್ದರೆ ತಾನೇ ಅದನ್ನು ಒತ್ತಿ ಹೊರಗೆ ಬಂದುಬಿಡುತ್ತದೆ. ಹುಬ್ಬಳ್ಳಿಯವರ ಹಾಗೆ ರಿಯಾಕ್ಟ್ ಆದರೆ ಪುಟದಿಂದ ಪುಟಕ್ಕೆ ಲಿಂಕ್ ಹುಡುಕಿ ಹೋಗುವ ಸಾಮಾನ್ಯ ಸ್ಪೈಡರ್‌ಗೆ ಲಿಂಕ್‌ಗಳು ಸರಿಯಾಗಿ ಸಿಗಲ್ಲ. ಎಪಿಐಗಳ ಪಟ್ಟಿ ಇರುವ ಓಪನ್‌ಎಪಿಐ ಫೈಲ್ ಕೊಟ್ಟು ಎಪಿಐ ಸ್ಕ್ಯಾನ್ ಓಡಿಸಿ. ಸ್ಪ್ರಿಂಗ್‌ನಲ್ಲಿ ಆ ಫೈಲ್ ತೆಗೆಯುವುದು ಸುಲಭ.

ಇಂಥದ್ದೇ ಇನ್ನೊಂದು ಟೂಲ್ ಬರ್ಪ್ ಸೂಟ್ ಬಗ್ಗೆಯೂ ಕೇಳುತ್ತಿರುತ್ತಾರೆ. ಅದರ ಉಚಿತ ಆವೃತ್ತಿಯಲ್ಲಿ ತಾನಾಗಿ ಓಡುವ ಸ್ಕ್ಯಾನರ್ ಇಲ್ಲ. ಕೈಯಿಂದ ಟೆಸ್ಟ್ ಮಾಡುವವರಿಗೆ ಅದು ಪ್ರಾಣ, ಪೈಪ್‌ಲೈನ್‌ಗೆ ಝ್ಯಾಪ್ ಸಾಕು.

ದಾಳಿ ಮಾಡುವ ಸ್ಕ್ಯಾನನ್ನು ಪ್ರೊಡಕ್ಷನ್, ಅಂದರೆ ಜನ ಬಳಸುತ್ತಿರುವ ಸರ್ವರ್ ಮೇಲೆ ಬಿಡಬೇಡಿ. ಸಿಕ್ಕ ಸಿಕ್ಕ ಫಾರ್ಮ್ ತುಂಬುತ್ತದೆ, ಡೇಟಾಬೇಸ್ ಕಸವಾಗುತ್ತದೆ, ಗ್ರಾಹಕರಿಗೆ ಎಸ್‌ಎಂಎಸ್ ಹೋಗುತ್ತದೆ. ಪರೀಕ್ಷೆಗೆಂದೇ ಇರುವ ಸ್ಟೇಜಿಂಗ್ ಸರ್ವರ್ ಮೇಲೆ ಓಡಿಸಿ. ಬೇರೆಯವರ ಸರ್ವರ್ ಆದರೆ ಬರಹದಲ್ಲಿ ಅನುಮತಿ ಬೇಕೇ ಬೇಕು. ಒಪ್ಪಿಗೆ ಇಲ್ಲದೆ ಕೈ ಹಾಕಿದರೆ 2000ರ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಬಾಗಿಲಿಗೆ ಬರುತ್ತವೆ.

ಇಷ್ಟೆಲ್ಲಾ ಸರಿಯಾಗಿ ಮಾಡಿದರೂ ಟೂಲ್‌ಗಳು ಕೈಚೆಲ್ಲುವ ಒಂದು ಜಾಗ ಇದೆ. ಒಬ್ಬ ಸಾಲಗಾರ ತನ್ನ ಸಾಲದ ಪುಟ ತೆರೆದು, ಯುಆರ್‌ಎಲ್‌ನಲ್ಲಿ 1042 ಇದ್ದದ್ದನ್ನು 1043 ಮಾಡಿದ ಅಂದುಕೊಳ್ಳಿ. ಇನ್ನೊಬ್ಬರ ಸಾಲ ಕಾಣಿಸಿತು. ಸ್ಕ್ಯಾನರ್‌ಗೆ ಅದು 200, ಅಂದರೆ ಎಲ್ಲಾ ಸರಿ ಅಂತ ಬಂದ ಮಾಮೂಲಿ ಉತ್ತರ. 1043 ಯಾರದ್ದು ಅಂತ ಅದಕ್ಕೆ ಗೊತ್ತಿಲ್ಲ. ಓವಾಸ್ಪ್‌ನ 2021ರ ಟಾಪ್ 10 ಪಟ್ಟಿಯಲ್ಲಿ ಮೊದಲನೇ ಸ್ಥಾನದಲ್ಲಿರುವುದು ಈ ಜಾತಿಯ ದೋಷವೇ. ಇದಕ್ಕೆ ಟೂಲ್ ಹುಡುಕಬೇಡಿ, ಟೆಸ್ಟ್ ಬರೆಯಿರಿ. ಇಬ್ಬರು ಬಳಕೆದಾರರನ್ನು ಇಟ್ಟುಕೊಂಡು, ಒಬ್ಬರ ಟೋಕನ್‌ನಲ್ಲಿ ಇನ್ನೊಬ್ಬರ ದಾಖಲೆ ಕೇಳಿ. 403 (ಅನುಮತಿ ಇಲ್ಲ) ಅಥವಾ 404 (ಸಿಗಲಿಲ್ಲ) ಬರಲೇಬೇಕು. ಪ್ರತಿ ಎಪಿಐಗೂ ಇದೊಂದು ಟೆಸ್ಟ್ ಇರಲಿ. ಸಾಲದ ಆ್ಯಪ್‌ನಲ್ಲಿ ಜನರ ಪ್ಯಾನ್, ಬ್ಯಾಂಕ್ ಖಾತೆ ಎಲ್ಲಾ ಇರುತ್ತದೆ, ದಯವಿಟ್ಟು ಇದನ್ನು ಮುಂದಕ್ಕೆ ಹಾಕಬೇಡಿ.

ಪ್ರಶ್ನೆ (ಟೀಮ್ ಲೀಡ್, ಹುಬ್ಬಳ್ಳಿ):
ನೀವು ಹೇಳಿದ ಹಾಗೆ ಮೊದಲ ಸ್ಕ್ಯಾನ್ ಓಡಿಸಿದೆವು ಮೇಡಂ. ನೂರಾರು ಎಚ್ಚರಿಕೆ ಬಂದಿವೆ. ಹುಡುಗರು ನೋಡಿಯೇ ಸುಸ್ತು. ಕೋಡಿನಲ್ಲಿ ಉಳಿದ ಪಾಸ್‌ವರ್ಡ್, ಕೀ ಹುಡುಕುವ ಗಿಟ್‌ಲೀಕ್ಸ್ ಕೂಡ ಹಾಕಿದೆವು, ಹಳೇ ಕಮಿಟ್ ಒಂದರಲ್ಲಿ ಕ್ಲೌಡ್ ಕೀ ಸಿಕ್ಕಿದೆ. ಆ ಸಾಲನ್ನು ಕೋಡಿನಿಂದ ಯಾವಾಗಲೋ ಅಳಿಸಿದ್ದೇವೆ.

ಉತ್ತರ:
ಕೀ ವಿಷಯ ಮೊದಲು, ಮಿಕ್ಕಿದ್ದೆಲ್ಲಾ ಆಮೇಲೆ. ಕೋಡಿನಿಂದ ಅಳಿಸಿದರೂ ಗಿಟ್ ಇತಿಹಾಸದಲ್ಲಿ ಅದು ಹಾಗೇ ಇದೆ. ರಿಪೊ ಕ್ಲೋನ್ ಮಾಡಿದ ಪ್ರತಿ ಲ್ಯಾಪ್‌ಟಾಪ್‌ನಲ್ಲೂ ಇದೆ. ಇವತ್ತೇ ಹೊಸ ಕೀ ಮಾಡಿ, ಹಳೆಯದನ್ನು ರದ್ದು ಮಾಡಿ. ಕ್ಲೌಡ್ ಲಾಗ್‌ನಲ್ಲಿ ಆ ಕೀ ಯಾವ ಐಪಿಯಿಂದ ಬಳಕೆಯಾಗಿದೆ ಅಂತ ನೋಡಿ. ನಿಮ್ಮದಲ್ಲದ ಐಪಿ ಕಂಡರೆ ಕೂಡಲೇ ಗ್ರಾಹಕರಿಗೆ ತಿಳಿಸಿ. ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದ ಪ್ರಕಾರ ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿ ಮಾಡಬೇಕು. ಇತಿಹಾಸ ಸ್ವಚ್ಛ ಮಾಡುವ ಕೆಲಸ ಕೀ ರದ್ದಾದ ಮೇಲೆ ನಿಧಾನವಾಗಿ ಆಗಲಿ.

ನೂರಾರು ಎಚ್ಚರಿಕೆಗಳ ಬಗ್ಗೆ: ಇವತ್ತಿನ ಪಟ್ಟಿಯನ್ನು ಬೇಸ್‌ಲೈನ್ ಅಂತ ಉಳಿಸಿಡಿ. ಮರ್ಜ್ ರಿಕ್ವೆಸ್ಟ್ ತಡೆಯುವುದು ಹೊಸದಾಗಿ ಸೇರಿದ ದೋಷ ಇದ್ದಾಗ ಮಾತ್ರ. ಸೆಮ್‌ಗ್ರೆಪ್‌ಗೆ ಬೇಸ್‌ಲೈನ್ ಕಮಿಟ್ ಕೊಟ್ಟರೆ ಅದೇ ಬೇರ್ಪಡಿಸುತ್ತದೆ. ಹಳೆಯದರಲ್ಲಿ ಲೈಬ್ರರಿ ದೋಷಗಳನ್ನು ಅಮೆರಿಕ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸಿಸಾದ ಕೆಇವಿ ಪಟ್ಟಿಯ ಜೊತೆ ತಾಳೆ ನೋಡಿ. ಅದರಲ್ಲಿರುವುದು ದಾಳಿಕೋರರು ನಿಜವಾಗಿ ಬಳಸಿದ ದೋಷಗಳು ಮಾತ್ರ. ಪಟ್ಟಿಯಲ್ಲಿರುವುದಕ್ಕೆ ಈ ವಾರವೇ ಪ್ಯಾಚ್ ಹಾಕಿ. ನಿಮ್ಮದೇ ಕೋಡಿನಲ್ಲಾದರೆ ಲಾಗಿನ್ ಇಲ್ಲದೆ ಮುಟ್ಟಬಹುದಾದ ಎಪಿಐಗಳಿಂದ ಶುರು ಮಾಡಿ, ಮಿಕ್ಕದ್ದನ್ನು ಪ್ರತಿ ಸ್ಪ್ರಿಂಟ್‌ಗೆ ಸ್ವಲ್ಪ ಸ್ವಲ್ಪ ಹಂಚಿ. ಕೀ ರದ್ದಾದ ಮೇಲೆ ಇಲ್ಲೊಂದು ಮಾತು ಹಾಕಿ, ಲಾಗ್‌ನಲ್ಲಿ ಏನು ಕಂಡಿತು ಅಂತ ಒಟ್ಟಿಗೆ ನೋಡೋಣ.