ಸಹಾಯ ಬೇಕು: ಕಾಮಾ ಹಾಕಿದರೆ ಕರ್ಸರ್ ಹಿಂದೆ ಉಳಿಯುತ್ತಿದೆ

ಪೈಥಾನ್ ಟಿಕಿಂಟರ್‌ನಲ್ಲಿ (ಕಿಟಕಿ, ಬಟನ್ ಮಾಡುವ ಲೈಬ್ರರಿ) ಒಂದು ಎಂಟ್ರಿ ಬಾಕ್ಸ್‌ಗೆ (ಟೈಪ್ ಮಾಡುವ ಜಾಗ) ಸ್ಟ್ರಿಂಗ್‌ವಾರ್ (ಬಾಕ್ಸ್‌ನ ಪಠ್ಯ ಹಿಡಿದಿಡುವ ವೇರಿಯಬಲ್) ಜೋಡಿಸಿದ್ದೇನೆ. ಟೈಪ್ ಮಾಡುತ್ತಿದ್ದಂತೆ ಸಂಖ್ಯೆಗೆ ಕಾಮಾ ಬೀಳಲಿ ಎಂದು ಟ್ರೇಸ್ (ವೇರಿಯಬಲ್ ಬದಲಾದಾಗಲೆಲ್ಲ ತಾನಾಗಿ ಓಡುವ ಫಂಕ್ಷನ್) ಹಾಕಿ, ಅದರೊಳಗೇ ಗೆಟ್ ಮಾಡಿ, ಕಾಮಾ ಸೇರಿಸಿ, ವಾಪಸ್ ಸೆಟ್ ಮಾಡುತ್ತೇನೆ. 1234 ಹೊಡೆದರೆ 1,234 ಸರಿಯಾಗಿಯೇ ಬರುತ್ತದೆ. ಆದರೆ ಕರ್ಸರ್ ಮಾತ್ರ 3 ಮತ್ತು 4ರ ನಡುವೆ ನಿಂತುಬಿಡುತ್ತದೆ. ಮುಂದೆ 5 ಒತ್ತಿದರೆ 12,345 ಬದಲು 12,354!

ಟ್ರೇಸ್ ಫಂಕ್ಷನ್ ಒಳಗೆ ಐಕರ್ಸರ್‌ಗೆ (ಕರ್ಸರ್ ಜಾಗ ಬದಲಿಸುವ ಕಮಾಂಡ್) ಎಂಡ್, ಅಂದರೆ ಕೊನೆ, ಕೊಟ್ಟು ನೋಡಿದೆ, ಏನೂ ಆಗಲಿಲ್ಲ. ಅದನ್ನೇ ಆಫ್ಟರ್ ಐಡಲ್‌ನಲ್ಲಿ (ಉಳಿದ ಕೆಲಸ ಮುಗಿದ ಮೇಲೆ ಓಡಿಸುವ ಕಮಾಂಡ್) ಕರೆದರೆ ಕರ್ಸರ್ ಕೊನೆಗೆ ಹೋಗುತ್ತದೆ. ಸುಮ್ನೆ ಖುಷಿಪಟ್ಟೆ. ಈಗ ಮಧ್ಯದ ಒಂದು ಅಂಕಿ ತಿದ್ದಿದರೂ ಕೊನೆಗೇ ಹಾರುತ್ತದೆ.

ಕಾಮಾ ಸೇರಿದ ಮೇಲೆ ಕರ್ಸರ್ ಎಲ್ಲಿರಬೇಕು ಎಂದು ಲೆಕ್ಕ ಹಾಕುವುದು ಹೇಗೆ? ಅಥವಾ ಟ್ರೇಸ್ ಬಿಟ್ಟು, ಫೋಕಸ್ ಔಟ್ ಆದಾಗ (ಬಾಕ್ಸ್ ಬಿಟ್ಟು ಬೇರೆಡೆ ಹೋದಾಗ) ಮಾತ್ರ ಕಾಮಾ ಹಾಕುವುದೇ ವಾಸಿಯಾ?